ಬಂದೂಕು ಇರುವ ಮನೆ, ಮಕ್ಕಳು ಓದುವ ಶಾಲೆ

ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ಮುಟ್ಟದೆ ಶಾಲೆಯ ಮಕ್ಕಳನ್ನು ಕಾಪಾಡಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಪೂರ್ತಿಯಾಗಿ ಆಗುವುದಿಲ್ಲ. ಆದರೆ ಈಗ ಆಗುತ್ತಿರುವುದಕ್ಕಿಂತ ಬಹಳ ಹೆಚ್ಚು ಆಗುತ್ತದೆ, ಅದಕ್ಕೆ ಯಾರ ಬಂದೂಕನ್ನೂ ಕಿತ್ತುಕೊಳ್ಳಬೇಕಾಗಿಲ್ಲ.

ನಾನು ಬಂದೂಕು ಕಂಡರೆ ಬೆಚ್ಚುವವಳಲ್ಲ. ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ, ಹನ್ನೊಂದು ವರ್ಷದಿಂದ ಇರುವುದು ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಹೊರವಲಯದಲ್ಲಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ನಿಮಗೆ ಗೊತ್ತಿರಬಹುದು. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರ ವರೆಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ನಮ್ಮಲ್ಲಿ ಕೋವಿಗೆ ತೋಕ್‌ಪೂ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. (ನಾನು ಹುಟ್ಟಿದ ದಿನ ಮನೆ ನಿಶ್ಶಬ್ದವಾಗಿತ್ತಂತೆ, ಆ ಲೆಕ್ಕ ಬೇರೆ.)

ಅಜ್ಜನ ಜೋಡಿ ನಳಿಗೆ ಕೋವಿ ನಡುಮನೆಯ ಗೋಡೆಯಲ್ಲಿ ಎಲ್ಲರ ಕಣ್ಣಿಗೂ ಕಾಣುವಂತೆ ನೇತಾಡುತ್ತಿತ್ತು. ತೋಟಾಗಳು ಮಾತ್ರ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ, ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಹಂದಿ ಗದ್ದೆಗೆ ನುಗ್ಗಿದ ರಾತ್ರಿ ಅದನ್ನು ಹೆದರಿಸಿ ಓಡಿಸಬೇಕೆಂದರೂ ಅಜ್ಜ ಮೊದಲು ಅಜ್ಜಿಯನ್ನು ಎಬ್ಬಿಸಬೇಕಾಗಿತ್ತು. ಅವಳು ಗೊಣಗುತ್ತಾ ಎದ್ದು, ಲೆಕ್ಕ ಮಾಡಿ ಎರಡೇ ಎರಡು ತೋಟಾ ಕೊಡುತ್ತಿದ್ದಳು. ಎಲ್ಲರ ಮನೆಯಲ್ಲೂ ಹೀಗಿರಲಿಲ್ಲ. ಕೊಡಗಿನಲ್ಲೂ ಕೋವಿಯಿಂದ ಜೀವ ಹೋದದ್ದುಂಟು, ಆ ಸುದ್ದಿಗಳನ್ನು ಕೇಳಿಯೇ ಬೆಳೆದಿದ್ದೇವೆ.

ಈಗ ಇಲ್ಲಿಯ ಕಥೆ. ನಮ್ಮ ಮನೆಯಿಂದ ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ಆಕ್ಸ್‌ಫರ್ಡ್ ಎಂಬ ಸಣ್ಣ ಊರು. 2021ರ ನವೆಂಬರ್ 30ರಂದು ಅಲ್ಲಿನ ಹೈಸ್ಕೂಲಿನಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ನಾಲ್ವರು ಸಹಪಾಠಿಗಳನ್ನು ಕೊಂದ. ಪಿಸ್ತೂಲನ್ನು ಅವನ ಅಪ್ಪ ನಾಲ್ಕು ದಿನ ಮೊದಲು ಅಂಗಡಿಯಿಂದ ಕಾನೂನುಬದ್ಧವಾಗಿಯೇ ಕೊಂಡು ತಂದಿದ್ದ. ಆ ದಿನ ಬೆಳಿಗ್ಗೆ ಹುಡುಗ ಗಣಿತದ ಹಾಳೆಯ ಮೇಲೆ ಪಿಸ್ತೂಲಿನ ಚಿತ್ರ ಬರೆದು, ತಲೆಯಲ್ಲಿ ಓಡುವ ಯೋಚನೆಗಳು ನಿಲ್ಲುತ್ತಿಲ್ಲ, ಸಹಾಯ ಮಾಡಿ ಎಂದು ಗೀಚಿದ್ದ. ಶಿಕ್ಷಕಿಯ ಕಣ್ಣಿಗೆ ಅದು ಬಿತ್ತು. ಅಪ್ಪ ಅಮ್ಮನನ್ನು ಕರೆಸಿದರು. ಅವರು ಮಗನನ್ನು ಮನೆಗೆ ಕರೆದುಕೊಂಡು ಹೋಗಲಿಲ್ಲ, ಮನೆಗೆ ಪಿಸ್ತೂಲು ತಂದಿದ್ದೇವೆ ಎಂದೂ ಹೇಳಲಿಲ್ಲ. ಅವನ ಚೀಲವನ್ನು ಯಾರೂ ತೆರೆದು ನೋಡಲಿಲ್ಲ. ಪಿಸ್ತೂಲು ಆ ಚೀಲದಲ್ಲೇ ಇತ್ತು.

ಮುಂದೆ ನ್ಯಾಯಾಲಯದಲ್ಲಿ ಒಂದು ಸಾಕ್ಷ್ಯ ತೋರಿಸಿದರು: ಬಂದೂಕಿಗೆ ತೂರಿಸಿ ಹಾಕುವ ಕೇಬಲ್ ಬೀಗ, ಪ್ಲಾಸ್ಟಿಕ್ ಪೊಟ್ಟಣವನ್ನೂ ಒಡೆಯದೆ ಹಾಗೇ ಇಟ್ಟದ್ದು. ಅದನ್ನು ಹಾಕಲು ಕೆಲವೇ ಸೆಕೆಂಡು ಸಾಕು. 2024ರಲ್ಲಿ ತಂದೆಗೂ ತಾಯಿಗೂ ತಲಾ 10ರಿಂದ 15 ವರ್ಷ ಜೈಲಾಯಿತು. ಮಗ ಶಾಲೆಯಲ್ಲಿ ನಡೆಸಿದ ಸಾಮೂಹಿಕ ಹತ್ಯೆಗೆ ಹೆತ್ತವರೇ ನರಹತ್ಯೆಯ ಅಪರಾಧಿಗಳಾದದ್ದು ಈ ದೇಶದಲ್ಲಿ ಅದೇ ಮೊದಲು.

ಆಕ್ಸ್‌ಫರ್ಡ್ ಒಂಟಿ ಉದಾಹರಣೆಯಲ್ಲ. ಅಧ್ಯಕ್ಷರಿಗೆ ಕಾವಲು ಕೊಡುವ ಸೀಕ್ರೆಟ್ ಸರ್ವಿಸ್ ಸಂಸ್ಥೆ 2008ರಿಂದ 2017ರ ವರೆಗಿನ 41 ಶಾಲಾ ದಾಳಿಗಳನ್ನು ಪರಿಶೀಲಿಸಿ 2019ರಲ್ಲಿ ವರದಿ ಕೊಟ್ಟಿತು. ಬಂದೂಕು ಬಳಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಅದನ್ನು ತಂದದ್ದು ಹೆತ್ತವರ ಅಥವಾ ಹತ್ತಿರದ ನೆಂಟರ ಮನೆಯಿಂದ. ಹೀಗಿದ್ದರೂ ಇಲ್ಲಿಯ ಟಿವಿ ಚರ್ಚೆಗಳೆಲ್ಲ ಶಾಲೆಯ ಗೇಟಿನಲ್ಲೇ ನಿಂತುಬಿಡುತ್ತವೆ: ಲೋಹಶೋಧಕ ಬೇಕೇ, ಶಿಕ್ಷಕರ ಕೈಗೆ ಬಂದೂಕು ಕೊಡಬೇಕೇ, ಸಶಸ್ತ್ರ ಕಾವಲುಗಾರ ಸಾಕೇ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದಾಗ ಸಶಸ್ತ್ರ ಪೊಲೀಸ್ ಅಧಿಕಾರಿ ಇದ್ದ, ಹೊರಗೇ ನಿಂತ, 17 ಜನ ಸತ್ತರು. 2022ರಲ್ಲಿ ಟೆಕ್ಸಾಸ್ ರಾಜ್ಯದ ಯುವಾಲ್ಡಿಯ ಶಾಲೆಯ ಮೇಲೆ ದಾಳಿಯಾದಾಗ 376 ಪೊಲೀಸ್ ಅಧಿಕಾರಿಗಳು ಬಂದು ಸೇರಿದರೂ ತರಗತಿಯ ಒಳಗೆ ನುಗ್ಗಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಕಾವಲು ಬೇಡವೆನ್ನುತ್ತಿಲ್ಲ. ಅದು ಕೊನೆಯ ಬಾಗಿಲು, ಅಷ್ಟೇ.

ಹಕ್ಕಿನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಿಮ್ಮ ನಿಜವಾದ ಅನುಮಾನ ಇರುವುದು ಅಲ್ಲಿ. 2008ರ ಹೆಲ್ಲರ್ ತೀರ್ಪಿನಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್, ಆತ್ಮರಕ್ಷಣೆಗೆ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು. ಮನೆಯೊಳಗಿನ ಬಂದೂಕನ್ನು ಬಿಚ್ಚಿಟ್ಟಿರಬೇಕು ಇಲ್ಲವೇ ಬೀಗ ಹಾಕಿಟ್ಟಿರಬೇಕು ಎಂಬ ವಾಷಿಂಗ್ಟನ್ ನಗರದ ಕಾನೂನನ್ನೂ ಅದೇ ತೀರ್ಪು ಹೊಡೆದುಹಾಕಿತು. ಜೊತೆಗೆ, ಈ ಹಕ್ಕಿಗೂ ಮಿತಿ ಉಂಟು, ಶಾಲೆಯಂಥ ಜಾಗಗಳಿಗೆ ಬಂದೂಕು ತರಬಾರದೆಂಬ ನಿಷೇಧಕ್ಕೆ ಅಡ್ಡಿಯಿಲ್ಲ ಎಂದೂ ಬರೆಯಿತು. ಹಾಗಾಗಿ ಮನೆಯ ಬೀಗದ ವಿಷಯದಲ್ಲಿ ಕಾನೂನು ಬರೆಯುವವರು ಸೂಜಿಗೆ ದಾರ ಪೋಣಿಸಿದಷ್ಟು ಎಚ್ಚರದಿಂದ ಇರಬೇಕು.

ಮಿಷಿಗನ್ ಅದನ್ನು ಮಾಡಿತು ಎಂಬುದು ನನ್ನ ಅಭಿಪ್ರಾಯ. 2024ರ ಫೆಬ್ರವರಿ 13ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಅಪ್ರಾಪ್ತ ಮಕ್ಕಳು ಇರುವ ಅಥವಾ ಬರಬಹುದಾದ ಜಾಗದಲ್ಲಿ ಬಂದೂಕನ್ನು ಹಾಗೇ ಬಿಟ್ಟಿಡುವಂತಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಇಲ್ಲವೇ ಗುಂಡು ತೆಗೆದು ಬಂದೂಕಿಗೇ ಬೀಗ ಹಾಕಬೇಕು. ನೀವೇ ಸೊಂಟದಲ್ಲಿ ಇಟ್ಟುಕೊಂಡಿದ್ದರೆ ಬೀಗದ ಮಾತಿಲ್ಲ. ಮಕ್ಕಳ ಸುಳಿವೇ ಇಲ್ಲದ ಮನೆಗೆ ಇದು ಅನ್ವಯಿಸುವುದೂ ಇಲ್ಲ. ಅಸಡ್ಡೆಯಿಂದ ಮಗುವಿನ ಕೈಗೆ ಸಿಕ್ಕಿ ಸಾವಾದರೆ 15 ವರ್ಷದ ವರೆಗೆ ಜೈಲು. ಹಕ್ಕು ಎಲ್ಲಿ ಹೋಯಿತು? ಅಲ್ಲೇ ಇದೆ, ಪೆಟ್ಟಿಗೆಯೊಳಗೆ.

ಇದೇ ಬೀಗ ಶಾಲೆಯ ಆಚೆಗೂ ದುಡಿಯುತ್ತದೆ. 2020ರಿಂದ ಈ ದೇಶದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು. ಅದರಲ್ಲಿ ಶಾಲೆಯ ದಾಳಿಗಳ ಪಾಲು ಚಿಕ್ಕದು. ಮನೆಯಲ್ಲೇ ತಮ್ಮ ಮೇಲೆ ಗುಂಡು ಹಾರಿಸಿಕೊಳ್ಳುವ ಮಕ್ಕಳ ಬಗ್ಗೆ ಟಿವಿಯವರು ಹೆಲಿಕಾಪ್ಟರ್ ಕಳಿಸುವುದಿಲ್ಲ.

ಬೀಗವೊಂದೇ ಸಾಲದು, ಒಪ್ಪುತ್ತೇನೆ. ಯುವಾಲ್ಡಿಯ ಹಂತಕ 18 ತುಂಬಿದ ಕೆಲವೇ ದಿನಗಳಲ್ಲಿ ತಾನೇ ರೈಫಲ್ ಕೊಂಡಿದ್ದ. ಅಲ್ಲಿ ಯಾವ ಅಜ್ಜಿಯ ಬೀಗದ ಕೈಯೂ ಕೆಲಸಕ್ಕೆ ಬರುತ್ತಿರಲಿಲ್ಲ. ಪಾರ್ಕ್‌ಲ್ಯಾಂಡ್ ಆದ ಮೂರೇ ವಾರದಲ್ಲಿ ಫ್ಲಾರಿಡಾ, ಬಂದೂಕು ಹಕ್ಕಿನ ಪರವಾಗಿರುವ ರಿಪಬ್ಲಿಕನ್ನರ ಆಳ್ವಿಕೆಯಲ್ಲೇ, ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು; ಅಪಾಯಕಾರಿ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದವರ ಬಂದೂಕನ್ನು ತಾತ್ಕಾಲಿಕವಾಗಿ ತೆಗೆದಿಡುವ ಕಾನೂನನ್ನೂ ತಂದಿತು. ಮನಸ್ಸು ಮಾಡಿದರೆ ಆಗುತ್ತದೆ.

ನನ್ನ ಮಗಳಿಗೆ ಈಗ ಎಂಟು ವರ್ಷ. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಎಲ್ಲಿ ಅಡಗಬೇಕೆಂದು ತೋರಿಸಲು ತರಗತಿಯ ನೆಲದ ಮೇಲೆ ಒಂದು ಟೇಪು ಅಂಟಿಸಿದ್ದಾರಂತೆ. ಅದರ ಆಚೆ ಕುಳಿತರೆ ಬಾಗಿಲಿನ ಕಿಟಕಿಯಿಂದ ಕಾಣುವುದಿಲ್ಲ. "ಅಮ್ಮಾ, ನಾನು ಸಣ್ಣವಳಲ್ಲವಾ, ನನ್ನ ಕಾಲೂ ಹೊರಗೆ ಬರುವುದಿಲ್ಲ" ಎಂದು ಹೆಮ್ಮೆಯಿಂದ ಹೇಳಿದಳು. ಅಂದು ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮರುವಾರ ಅವಳು ಗೆಳತಿಯ ಮನೆಗೆ ಆಡಲು ಹೊರಟಾಗ ಮೊದಲ ಬಾರಿ ಕೇಳಿಯೇಬಿಟ್ಟೆ: "ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ? ಬೀಗ ಹಾಕಿದ್ದೀರಾ?" ಕೇಳುವಾಗ ಕಿವಿ ಬಿಸಿಯಾಗಿತ್ತು. ಆ ಹುಡುಗಿಯ ಅಪ್ಪ ಜಿಂಕೆ ಬೇಟೆಯವನು, ನವೆಂಬರ್ 15ರಂದು ಬೇಟೆಯ ಕಾಲ ಶುರುವಾದರೆ ಕೆಲಸಕ್ಕೆ ರಜೆ ಹಾಕುವ ಆಸಾಮಿ. ಬೇಸರಿಸಿಕೊಳ್ಳುತ್ತಾನೆಂದುಕೊಂಡಿದ್ದೆ. ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ನನ್ನೆತ್ತರದ ಉಕ್ಕಿನ ಕಪಾಟಿನ ಹಿಡಿಯನ್ನು ಎರಡು ಸಲ ಜಗ್ಗಿ ತೋರಿಸಿದ. ಆಮೇಲೆ, "ನಿಮ್ಮ ಮನೆಯಲ್ಲಿ?" ಎಂದು ಅವನೂ ಕೇಳಿದ.