ಸಿಸ್ಟರನ್ನು ಕೇಳಿ: ಕೀಮೊ ಕೊಟ್ಟರೂ ಕೂದಲು ಉಳಿಯುವುದೇ?

(ಕೀಮೊ ವಾರ್ಡಿನ ಹಿರಿಯ ನರ್ಸ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ)

ಪ್ರಶ್ನೆ: ಸಿಸ್ಟರ್, ನನಗೆ 42 ವರ್ಷ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿದೆ, ಮುಂದಿನ ವಾರದಿಂದ ಕೀಮೊ. ಕೂದಲು ಪೂರ್ತಿ ಹೋಗುತ್ತದೆ ಎಂದು ವೈದ್ಯರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಅತ್ತರೆ ಮನೆಯವರು ‘ಜೀವಕ್ಕಿಂತ ಕೂದಲು ಹೆಚ್ಚೇ’ ಎನ್ನುತ್ತಾರೆ. ಕಚೇರಿಯಲ್ಲಿ ಕಾಯಿಲೆಯ ವಿಷಯ ಯಾರಿಗೂ ಗೊತ್ತಿಲ್ಲ. ಆರು ವರ್ಷದ ಮಗಳಿದ್ದಾಳೆ. ತಲೆಗೆ ತಣ್ಣನೆಯ ಟೋಪಿ ಹಾಕಿದರೆ ಕೂದಲು ಉಳಿಯುತ್ತದಂತೆ, ನಿಜವೇ?

ಉತ್ತರ: ‘ಜೀವಕ್ಕಿಂತ ಕೂದಲು ಹೆಚ್ಚೇ’ ಎಂಬ ಮಾತು ನಮ್ಮ ವಾರ್ಡಿನಲ್ಲಿ ಕಿವಿಗೆ ಬೀಳದ ದಿನವಿಲ್ಲ. ಹಾಗೆ ಹೇಳುವವರ ತಲೆಯಲ್ಲಿ ಸಾಮಾನ್ಯವಾಗಿ ಕೂದಲು ದಟ್ಟವಾಗಿಯೇ ಇರುತ್ತದೆ. ಜೀವವೂ ಬೇಕು, ಕೂದಲೂ ಬೇಕು ಎಂದರೆ ತಪ್ಪೇನು? ವಾಂತಿ, ಸುಸ್ತು ಎಲ್ಲ ಮನೆಯೊಳಗೇ ಉಳಿಯುತ್ತವೆ. ಬೋಳುತಲೆ ಮಾತ್ರ ನಿಮ್ಮ ಅಪ್ಪಣೆ ಕೇಳದೆ, ದಾರಿಯಲ್ಲಿ ಹೋಗುವವರಿಗೂ ಕಾಯಿಲೆಯ ಸುದ್ದಿ ಮುಟ್ಟಿಸುತ್ತದೆ. ನಾನು ಕಂಡವರಲ್ಲಿ ಹೆಚ್ಚಿನವರು ಅತ್ತದ್ದು ಈ ಕಾರಣಕ್ಕೆ. ನೀವೂ ಅಳಿ, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಮೊದಲು ನಿಮಗೆ ಕೊಡುವ ಔಷಧಿಗಳ ಹೆಸರನ್ನು ಬರೆಸಿಕೊಳ್ಳಿ. ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಇದ್ದರೆ ಕೂದಲು ಹೋಗುವುದು ಬಹುತೇಕ ಖಚಿತ. (ಡಾಕ್ಸೊರುಬಿಸಿನ್ ಕೆಂಪು ಬಣ್ಣದ್ದು. ಹಾಕಿದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ. ಅದು ರಕ್ತ ಎಂದು ಗಾಬರಿಯಾಗಬೇಡಿ.) ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಈ ಔಷಧಿಗಳು ಹೊಡೆಯುತ್ತವೆ, ಅದು ಕ್ಯಾನ್ಸರ್ ಕೋಶವೋ ಕೂದಲ ಬುಡದ ಕೋಶವೋ ಎಂಬ ಭೇದ ಅವಕ್ಕಿಲ್ಲ. ತಲೆಗೂದಲಿನಲ್ಲಿ ಶೇ 85ರಿಂದ 90ರಷ್ಟು ಸದಾ ಬೆಳೆಯುವ ಹಂತದಲ್ಲಿರುವುದರಿಂದ ಹೆಚ್ಚಿನ ಏಟು ಅಲ್ಲಿಗೇ. ಹುಬ್ಬು, ರೆಪ್ಪೆಗಳ ಸರದಿ ತಡವಾಗಿ ಬರುತ್ತದೆ, ಕೆಲವರಿಗೆ ಕೀಮೊ ಮುಗಿಯುವ ಹೊತ್ತಿಗೆ. ಮೂಗಿನೊಳಗಿನ ಕೂದಲೂ ಹೋಗಿ ಶೀತವಿಲ್ಲದೆಯೂ ಮೂಗು ಸೋರುತ್ತದೆ. ಇದನ್ನು ಮುಂಚೆಯೇ ಹೇಳುವವರು ಕಡಿಮೆ.

ಟೋಪಿಯ ಸುದ್ದಿ ನಿಜ. ನೆತ್ತಿ ತಣ್ಣಗಾದಾಗ ರಕ್ತನಾಳಗಳು ಕುಗ್ಗಿ, ಕೂದಲ ಬುಡಕ್ಕೆ ತಲುಪುವ ಔಷಧಿ ಕಡಿಮೆಯಾಗುತ್ತದೆ. ಅಲ್ಲಿನ ಕೋಶಗಳ ಚಟುವಟಿಕೆಯೂ ಮಂದವಾಗುತ್ತದೆ. ಔಷಧಿ ಶುರುವಾಗುವ ಸುಮಾರು ಅರ್ಧ ಗಂಟೆ ಮೊದಲೇ ಹಾಕಿ, ಮುಗಿದ ಮೇಲೂ ಒಂದೂವರೆ ಗಂಟೆಯೋ ಅದಕ್ಕಿಂತ ಹೆಚ್ಚೋ ಇಟ್ಟುಕೊಂಡಿರಬೇಕು. ಮೊದಲ ಕೆಲವು ನಿಮಿಷ ಹಣೆ ಸಿಡಿಯುತ್ತದೆ, ಆಮೇಲೆ ಮರಗಟ್ಟುತ್ತದೆ. ಕಂಬಳಿ ಕೇಳಿ ಹೊದ್ದುಕೊಳ್ಳಿ. ಸ್ತನ ಕ್ಯಾನ್ಸರ್ ರೋಗಿಗಳಿಗಾಗಿ ನೆತ್ತಿ ತಣ್ಣಗಾಗಿಸುವ ಇಂಥ ಟೋಪಿಯ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2017ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳ ಪ್ರಕಾರ, ಟೋಪಿ ಹಾಕಿಕೊಂಡವರಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಕನಿಷ್ಠ ಅರ್ಧದಷ್ಟು ಕೂದಲು ಉಳಿಯಿತು. ಅರ್ಧದಷ್ಟು ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ. ಕೆಂಪು ಔಷಧಿಗಿಂತ, ಹೆಸರಿನ ಕೊನೆಗೆ ‘ಟ್ಯಾಕ್ಸೆಲ್’ ಇರುವ ಔಷಧಿಗಳಲ್ಲಿ ಟೋಪಿಯ ಫಲ ಹೆಚ್ಚು. ಮೊದಲ ಡೋಸ್‌ನಿಂದಲೇ ಹಾಕಬೇಕಾದ್ದರಿಂದ, ಆಸ್ಪತ್ರೆಗೆ ನಾಳೆಯೇ ಫೋನ್ ಮಾಡಿ ಸೌಲಭ್ಯ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಮನೆಯಿಂದ ಐಸ್ ಚೀಲ ತಂದು ಕಟ್ಟಿಕೊಳ್ಳುವ ಸಾಹಸ ಬೇಡ. ಅತಿಯಾದ ತಂಪಿಗೂ ಚರ್ಮ ಸುಟ್ಟಂತಾಗುತ್ತದೆ.

ಟೋಪಿ ಸಿಗದಿದ್ದರೆ, ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ನೆತ್ತಿ ಮುಟ್ಟಿದರೆ ನೋಯತೊಡಗುತ್ತದೆ. ಅದೇ ಸೂಚನೆ. ನಂತರ ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ ಹಿಡಿ ಹಿಡಿ ಕೂದಲು. ಆ ದೃಶ್ಯಕ್ಕೆ ಕಾಯದೆ ಮೊದಲೇ ಗಿಡ್ಡ ಕತ್ತರಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಟ್ರಿಮ್ಮರ್ ಬಳಸಿ, ರೇಜರ್ ಬೇಡ. ಡೋಸ್ ಆದ ಎರಡನೇ ವಾರದಲ್ಲಿ ಬಿಳಿ ರಕ್ತಕಣಗಳು ಇಳಿದಿರುವಾಗ ಸಣ್ಣ ಗೀರಿನಿಂದಲೂ ಸೋಂಕು ತಗಲಬಹುದು.

ಮಗಳಿಗೆ ಮೊದಲೇ ಹೇಳಿ. ಆ ವಯಸ್ಸಿನ ಮಕ್ಕಳ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ನೋಯುತ್ತದೆಯೇ, ನನಗೂ ಅಂಟುತ್ತದೆಯೇ. ಎರಡಕ್ಕೂ ಅವಳು ಕೇಳುವ ಮುಂಚೆಯೇ ಉತ್ತರ ಕೊಡಿ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬಾಕೆ ಟ್ರಿಮ್ಮರನ್ನು ಮಗನ ಕೈಗೇ ಕೊಟ್ಟರಂತೆ. ಅವನು ಹಣೆಯಿಂದ ಹಿಂದಲೆಯವರೆಗೆ ಒಂದೇ ಗೆರೆ ಎಳೆದು, ನಗು ತಡೆಯಲಾರದೆ ಯಂತ್ರ ಕೆಳಗಿಟ್ಟುಬಿಟ್ಟ. ಆಕೆ ಆ ಒಂದು ಗೆರೆಯ ತಲೆಯಲ್ಲೇ ರಾತ್ರಿಯ ಅಡುಗೆ ಮುಗಿಸಿದರಂತೆ.

ಕಚೇರಿಗೆ ವಿಗ್ ಹಾಕಿಕೊಂಡು ಹೋಗುವುದಾದರೆ ಈಗಲೇ ಆರಿಸಿ, ನಿಮ್ಮ ಕೂದಲು ತಲೆಯ ಮೇಲಿರುವಾಗಲೇ. ಬಣ್ಣ, ಬೈತಲೆ ಹೊಂದಿಸುವುದು ಸುಲಭ. ಕೂದಲು ಹೋದ ಮೇಲೆ ತಲೆಯ ಸುತ್ತಳತೆ ತುಸು ಕಡಿಮೆಯಾಗುತ್ತದೆ, ಬಿಗಿ ಮಾಡಲು ಬರುವಂಥದ್ದನ್ನು ನೋಡಿ. ಯಾರೋ ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಂದುಕೊಟ್ಟರೆ ಪಕ್ಕಕ್ಕಿಡಿ. ಕೀಮೊದಿಂದ ಉದುರುವುದನ್ನು ಅದು ತಡೆಯುವುದಿಲ್ಲ, ಮೇಲಾಗಿ ಥೈರಾಯ್ಡ್‌ನಂಥ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ಏರುಪೇರು ಮಾಡುತ್ತದೆ.

ಪ್ರಶ್ನೆ: ಯಜಮಾನರಿಗೆ ಕರುಳಿನ ಕ್ಯಾನ್ಸರ್. ಆಕ್ಸಾಲಿಪ್ಲಾಟಿನ್ ಡ್ರಿಪ್, ಕೇಪ್‌ಸಿಟಬಿನ್ ಮಾತ್ರೆ ನಡೆಯುತ್ತಿದೆ. ಮೂರು ಸುತ್ತು ಮುಗಿದರೂ ಕೂದಲು ಹಾಗೆಯೇ ಇದೆ. ಔಷಧಿ ನಾಟಿಲ್ಲ ಎಂದು ನೆಂಟರು ಹೇಳುತ್ತಿದ್ದಾರೆ.

ಉತ್ತರ: ನೆಂಟರ ಮಾತು ಬಿಡಿ. ಈ ಎರಡು ಔಷಧಿಗಳಲ್ಲಿ ಕೂದಲು ತೆಳುವಾದರೆ ಆಯಿತು, ಬೋಳಾಗುವುದು ಅಪರೂಪ. ಔಷಧಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಹೇಳುತ್ತವೆ, ಬಾಚಣಿಗೆಯಲ್ಲ. ನೀವು ನೋಡಬೇಕಾದದ್ದು ಅವರ ಕೈಕಾಲುಗಳನ್ನು. ತಣ್ಣೀರು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು, ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು ಕಂಡರೆ ಮುಂದಿನ ಸುತ್ತಿನವರೆಗೆ ಕಾಯದೆ ತಿಳಿಸಿ.

ಪ್ರಶ್ನೆ: ಕೀಮೊ ಮುಗಿದು ನಾಲ್ಕು ತಿಂಗಳು. ನೆಟ್ಟಗಿದ್ದ ಕೂದಲು ಈಗ ಗುಂಗುರಾಗಿ, ನರೆತು ಬರುತ್ತಿದೆ. ಬಣ್ಣ ಹಚ್ಚಬಹುದೇ?

ಉತ್ತರ: ಗುಂಗುರು ಬಹಳ ಮಂದಿಗೆ ಬರುತ್ತದೆ, ಹೆಚ್ಚಿನವರಿಗೆ ತಿಂಗಳುಗಳು ಕಳೆದಂತೆ ಹೋಗುತ್ತದೆ. ಬಣ್ಣಕ್ಕೆ ಇನ್ನೆರಡು ತಿಂಗಳು ಬಿಡಿ, ನೆತ್ತಿ ಇನ್ನೂ ಎಳಸು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದು ಮಾಮೂಲು. ಕೀಮೊ ಮುಗಿದು ಆರು ತಿಂಗಳಾದರೂ ನೆತ್ತಿ ಕಾಣುವಷ್ಟು ತೆಳುವಾಗಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಅಪರೂಪಕ್ಕೆ, ಮುಖ್ಯವಾಗಿ ಡೋಸಿಟ್ಯಾಕ್ಸೆಲ್ ಪಡೆದವರಲ್ಲಿ, ಪೂರ್ತಿ ಬಾರದೆ ಉಳಿಯುವುದುಂಟು. ಟ್ಯಾಮೊಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಅದರಿಂದಲೂ ಕೂದಲು ತೆಳುವಾಗಬಹುದು. ಆ ಕಾರಣಕ್ಕೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಮೊದಲು ನಿಮ್ಮ ವೈದ್ಯರೊಂದಿಗೆ ಮಾತನಾಡಿ.