ಎಲಿ ಬಣ್ಣ ನೋಡಾಕ ಯಾವಾಗ ಹೋಗೋಣ್ರಿ?

ಪ್ರಶ್ನೆ: ಮಗಳು-ಅಳಿಯ ಬೋಸ್ಟನ್‌ದಾಗ ಅದಾರ್ರಿ. ಈ ಸಲ ಸೆಪ್ಟೆಂಬರ್ ಕೊನಿಗೆ ನಾವಿಬ್ರೂ ಹೊಂಟೀವಿ. ಅಮೆರಿಕಾದ ವರ್ಮಾಂಟ್ ರಾಜ್ಯದಾಗ ಗಿಡದ ಎಲಿ ಕೆಂಪು-ಹಳದಿ ಆಗೂದು ನೋಡಬೇಕಂತ ನಮ್ಮ ಮನಿಯವರಿಗೆ ಭಾಳ ಆಸೆ, ಆದ್ರ ಅವರಿಗೆ ಮೊಣಕಾಲು ಬ್ಯಾನಿ, ಗುಡ್ಡ ಹತ್ತೂದು ಆಗಂಗಿಲ್ಲ. ಯಾವ ತಾರೀಖಿಗೆ ಹೋಗಬೇಕು, ಎಲ್ಲಿ ಅಡ್ಡಾಡಬೇಕು?
– ನಿವೃತ್ತ ಶಿಕ್ಷಕರು, ಟಿಳಕವಾಡಿ, ಬೆಳಗಾವಿ

ಉತ್ತರ: ಸರ್ರ, ಕಾಕು ಅವರಿಗೆ ಗುಡ್ಡದ ಚಿಂತಿ ಬಿಡಂತ ಹೇಳ್ರಿ. ಬೋಸ್ಟನ್‌ನಿಂದ ಕಾರಿನ್ಯಾಗ ಮೂರು-ಮೂರೂವರಿ ತಾಸಿಗೆ ವರ್ಮಾಂಟಿನ ಸ್ಟೋ ಅಂತ ಊರು ಬರತೈತಿ, ಅಲ್ಲಿ ಸ್ಟೋ ರಿಕ್ರಿಯೇಶನ್ ಪಾತ್ ಅಂತ ಕಣಿವ್ಯಾಗ ಹೊಳಿ ದಂಡಿಗುಂಟ ಡಾಂಬರ್ ಹಾಕಿದ ದಾರಿ ಐತಿ, 5.3 ಮೈಲಿ, ಅಂದ್ರ ಎಂಟೂವರಿ ಕಿಲೋಮೀಟರ್, ಕಾರು ಬೈಕು ಬಿಡಂಗಿಲ್ಲ, ನಡಿಯಾವ್ರು ಸೈಕಲ್‌ನಾವ್ರು ಅಷ್ಟ. 1980ರ ದಶಕದಾಗ ಸುತ್ತಲಿನ ಜಮೀನಿನವರ ತಮ್ಮ ಜಾಗದಾಗ ದಾರಿ ಬಿಟ್ಟುಕೊಟ್ಟದ್ದಕ್ಕ ಇದು ಆದದ್ದು, ನನಗ ಈ ದಾರಿ ಮ್ಯಾಲೆ ಪ್ರೀತಿ ಬರಾಕ ಅದೂ ಒಂದು ಕಾರಣ. ಊರಾಗಿನ ಎತ್ತರ ಗೋಪುರದ ಬಿಳಿ ಚರ್ಚಿನ ಹಿಂದಿಂದ ಶುರು ಮಾಡ್ರಿ. ದಾರಿ ಹೊಳಿ ದಾಟಕೋಂತ ದಾಟಕೋಂತ ಹೋಗತೈತಿ, ದೂರದಾಗ ಮೌಂಟ್ ಮ್ಯಾನ್ಸ್‌ಫೀಲ್ಡ್ ಕಾಣತೈತಿ, ಆ ರಾಜ್ಯದಾಗ ಎಲ್ಲಾಕ್ಕಿಂತ ಎತ್ತರದ್ದು, ಸುಮಾರು 4,400 ಅಡಿ. ಸಾಕಾತು ಅನ್ನಿಸಿದಲ್ಲೇ ಹೊಳ್ಳಿ ಬರ್ರಿ, ಪೂರಾ ಮುಗಸಬೇಕಂತೇನಿಲ್ಲ.

ಇನ್ನ ತಾರೀಖು. ಎಲ್ಲಾರೂ "ಪೀಕ್ ಯಾವತ್ತು", ಅಂದ್ರ ಬಣ್ಣ ಪೂರಾ ತುಂಬೂ ದಿನ ಯಾವುದು, ಅಂತ ಕೇಳ್ತಾರ, ಒಂದ ದಿನಕ್ಕ ಎಲ್ಲಾ ಬಣ್ಣ ಬಂದು ಮರುದಿನ ಮುಗದ ಹೋಗತೈತಿ ಅನ್ನೂಹಂಗ. ಹಂಗಲ್ರಿ. ಬಣ್ಣ ಗುಡ್ಡದ ಮ್ಯಾಲಿಂದ ಕೆಳಗ ಇಳೀತೈತಿ, ಸೆಪ್ಟೆಂಬರ್ ಕೊನಿಗೆ ಮ್ಯಾಲೆ ಶುರುವಾದ್ರ ಅಕ್ಟೋಬರ್ ಮೊದಲ ಎರಡು ವಾರದಾಗ ಕಣಿವಿ ತುಂಬತೈತಿ, ಮತ್ತ ಹೊಳಿ ದಂಡಿ ಹಸಿ ನೆಲದಾಗಿನ ರೆಡ್ ಮೇಪಲ್ ಗಿಡ ಅಂತೂ ಎಲ್ಲಾಕ್ಕಿಂತ ಮೊದಲ ಕೆಂಪಾಗಿ ನಿಂತಿರತಾವು. ಅದಕ್ಕ ನಾನು ಕಣಿವಿ ದಾರಿನ ಆರಸ್ರಿ ಅನ್ನೂದು: ಮ್ಯಾಲೆ ಉದುರಿದ್ರ ಕೆಳಗ ಇರತೈತಿ, ಕೆಳಗ ಹಸರು ಇದ್ರ ತಲಿ ಎತ್ತಿ ಗುಡ್ಡ ನೋಡಬಹುದು. ಅಕ್ಟೋಬರ್ ಎರಡನೇ ಸೋಮವಾರ ಅಲ್ಲಿ ಸೂಟಿ, ಆ ಶನಿವಾರ-ಐತವಾರ ಮಾತ್ರ ಬಿಡ್ರಿ, ರೂಮು ಸಿಗೂದ ಕಷ್ಟ, ರೇಟೂ ಜಾಸ್ತಿ. ಮಂಗಳವಾರ-ಬುಧವಾರ ಮುಂಜಾನೆ ಹೋಗ್ರಿ, ಸ್ವೆಟರ್ ಮಫ್ಲರ್ ಮರೀಬ್ಯಾಡ್ರಿ.

ಒಂದು ಮಾತು, ಕಾಕು ಫೋಟೊ ತಗೊಳ್ಳೂ ಮೊದಲು ಒಂದು ಬಿದ್ದ ಶುಗರ್ ಮೇಪಲ್ ಗಿಡದ ಎಲಿ ಕೈಯಾಗ ಹಿಡದು ಬಿಸಲಿಗೆ ಎತ್ತಿ ನೋಡ್ಲಿ. ಕೆಲವು ಎಲಿಯಾಗ ನರದ ಆಜುಬಾಜು ಇನ್ನೂ ಹಸರು, ಅಂಚಿಗೆ ಕೇಸರಿ. ಗಿಡದಾಗ ಇದ್ದಾಗ ಇನ್ನೊಂದು ಎಲಿ ನೆರಳು ಬಿದ್ದಷ್ಟು ಜಾಗ ಹಳದಿ ಉಳಿದು, ಬಿಸಲು ಬಡದಷ್ಟು ಕೆಂಪಾಗಿರತೈತಿ, ಮ್ಯಾಲಿನ ಎಲಿ ಆಕಾರ ಅಚ್ಚು ಒತ್ತಿದಂಗ ಕಾಣತೈತಿ.

ಪ್ರಶ್ನೆ: ವರ್ಮಾಂಟ್ ಕಡೆ ಎಲಿ ಯಾಕ ಕೆಂಪಾಗತೈತಿ, ನಮ್ಮ ಕಡೆ ಯಾಕ ಆಗಂಗಿಲ್ಲ?
– ಪಿಯುಸಿ ವಿದ್ಯಾರ್ಥಿನಿ, ನವನಗರ, ಬಾಗಲಕೋಟೆ

ಉತ್ತರ: ಹಗಲು ಸಣ್ಣದಾಗಿ ಥಂಡಿ ಬಂದ ಕೂಡ್ಲೇ ಗಿಡ ಎಲಿಯಾಗಿನ ಕ್ಲೋರೋಫಿಲ್ ಅನ್ನೂ ಹಸರು ಬಣ್ಣದ ವಸ್ತು ಒಡದು ಅದರಾಗಿನ ಸತ್ವ ವಾಪಸ್ ಜಗ್ಗಿಕೊಳ್ಳತೈತಿ ತಂಗಿ. ಹಸರು ಹ್ವಾದ ಮ್ಯಾಲೆ ಮೊದಲ ಇದ್ದ ಕೆರೋಟಿನಾಯ್ಡ್ ಅನ್ನೂ ಹಳದಿ ಬಣ್ಣದ ವಸ್ತು ಕಾಣತಾವು. ಕೆಂಪು ಹಂಗಲ್ಲ, ಆಂಥೋಸಯಾನಿನ್ ಅನ್ನೂ ಕೆಂಪು ಬಣ್ಣದ ವಸ್ತು ಹೊಸದಾಗಿ ತಯಾರಾಗೂದು, ಅದಕ್ಕ ಎಲಿಯಾಗ ಸಕ್ಕರಿ ಬೇಕು, ಬಿಸಲು ಬೇಕು, ರಾತ್ರಿ ತಂಪು ಬೇಕು, ಆದ್ರ ಹಿಮಗಟ್ಟಬಾರದು. ನಮ್ಮ ಕಡೆ ಗಿಡ ಎಲಿ ಉದುರಸೂದು ಥಂಡಿಗಲ್ಲ, ನೀರು ಕಡಿಮಿ ಆಗತೈತಂತ. ಆದ್ರ ಆಗಂಗೇ ಇಲ್ಲ ಅನಬ್ಯಾಡ, ಓಣ್ಯಾಗಿನ ಬದಾಮಿ ಗಿಡ ಎಲಿ ಉದುರಸೂ ಮೊದಲು ಹೆಂಗ ಕೆಂಪಾಗತೈತಿ ನೋಡು. ಮಾರ್ಚ್ ಹೊತ್ತಿಗೆ ಖಾನಾಪುರ-ಜಾಂಬೋಟಿ ಕಡೆ ಹೋದ್ರ ಸಾಗಡಿ ಗಿಡದ ಚಿಗುರು ಕೆಂಪಗ ಕಾಣತೈತಿ, ಅಲ್ಲಿ ಹಳೇ ಎಲಿ ಕೆಂಪು, ಇಲ್ಲಿ ಹೊಸಾ ಎಲಿ ಕೆಂಪು.

ಪ್ರಶ್ನೆ: ಮೇಪಲ್ ಬೀಜ ತರಿಸಿ ನಮ್ಮ ಹೊಲದಾಗ ಹಚ್ಚಬಹುದಾ?
– ರೈತರು, ವಿಜಯಪುರ

ಉತ್ತರ: ಬ್ಯಾಡ್ರಿ ಅಣ್ಣಾರ. ಪರ್ಮಿಟ್ ಇಲ್ದ ಹೊರಗಿಂದ ಬೀಜ ತರೂದು ಕಾನೂನಿಗೆ ವಿರುದ್ಧ, ಹೊಸ ರೋಗ ಹೊಕ್ಕರ ನಿಮ್ಮ ದ್ರಾಕ್ಷಿ ದಾಳಿಂಬಿಗೇ ಕುತ್ತು. ಶುಗರ್ ಮೇಪಲ್ ಬೀಜ ಮೊಳಕಿ ಒಡೀಬೇಕಂದ್ರ ಸೊನ್ನಿ ಡಿಗ್ರಿ ಆಸುಪಾಸಿನ ಹಸಿ ಥಂಡ್ಯಾಗ ತಿಂಗಳುಗಟ್ಟಲೆ ಇರಬೇಕು, ಅದು ವಿಜಯಪುರದಾಗ ಎಲ್ಲಿಂದ ಬರಬೇಕ್ರಿ. ಯಾರರ ಅಲ್ಲಿಂದ ಬರಾವ್ರಿದ್ರ ಮೇಪಲ್ ಸಿರಪ್ ತರಾಕ ಹೇಳ್ರಿ. ಸುಮಾರು 40 ಲೀಟರ್ ಮೇಪಲ್ ಗಿಡದ ರಸ ಕುದಿಸಿದ್ರ ಒಂದು ಲೀಟರ್ ಸಿರಪ್ ಆಗತೈತಿ, ದ್ವಾಸಿ ಜೋಡಿ ಚಲೋ. ಚೆಕ್-ಇನ್ ಬ್ಯಾಗಿನ್ಯಾಗ ಇಡಬೇಕು, ಕೈಚೀಲದಾಗ 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿ ಬಿಡಂಗಿಲ್ಲ.