ಹಳೇ ವಿಂಡೋಸ್ 98 ಮಷೀನಿಗೆ ಯಾವ ಡ್ರೈವ್ ಹಾಕೋದು?

ಪ್ರಶ್ನೆ: ನಮ್ದು ಸಣ್ಣ ಪ್ರಿಂಟಿಂಗ್ ಪ್ರೆಸ್ ಸರ್. ಪೆಂಟಿಯಂ 2 ಕಂಪ್ಯೂಟರ್, ವಿಂಡೋಸ್ 98, ಪುಟ ಜೋಡಿಸೋ ಪೇಜ್‌ಮೇಕರ್ ಅದ್ರಲ್ಲೇ ಇದೆ. ಹಳೇ ಲಗ್ನಪತ್ರಿಕೆ, ಪುಸ್ತಕದ ಫೈಲೆಲ್ಲಾ 100 ಎಂಬಿ ಜಿಪ್ ಡಿಸ್ಕಲ್ಲಿ (ದಪ್ಪ ಫ್ಲಾಪಿ ಥರದ್ದು) ಇವೆ. ಈಗ ಡ್ರೈವ್ ಟಕ್ ಟಕ್ ಅಂತಿದೆ, ಕೆಲವು ಡಿಸ್ಕ್ ಓದ್ತಾನೇ ಇಲ್ಲ. ಸೆಕೆಂಡ್ ಹ್ಯಾಂಡಲ್ಲಿ 750 ಎಂಬಿ ಜಿಪ್ ಡ್ರೈವ್ ಸಿಗ್ತಿದೆ, ತಗೊಳ್ಲಾ?

ಉತ್ತರ: ಮೊದ್ಲು ಆ ಟಕ್ ಟಕ್ ಅನ್ನೋ ಡ್ರೈವಿಗೆ ಇನ್ನೊಂದು ಡಿಸ್ಕ್ ಕೂಡ ಹಾಕ್ಬೇಡಿ, ದಯವಿಟ್ಟು. ಐಒಮೆಗಾ ಕಂಪನಿಯ ಜಿಪ್ ಡ್ರೈವಿನ ಈ ಕಾಯಿಲೆ ತುಂಬಾ ಹಳೇದು, 1998ರಲ್ಲಿ ಅಮೆರಿಕದಲ್ಲಿ ಕಂಪನಿ ಮೇಲೆ ಕೇಸೇ ಆಗಿತ್ತು. ಹೆಡ್ (ಡಿಸ್ಕ್ ಓದೋ, ಬರೆಯೋ ಭಾಗ) ಹಾಳಾದ ಡ್ರೈವ್ ಡಿಸ್ಕನ್ನ ಹಾಳು ಮಾಡುತ್ತೆ, ಅಂಚು ಹರಿದ ಆ ಡಿಸ್ಕನ್ನ ಒಳ್ಳೇ ಡ್ರೈವಿಗೆ ಹಾಕಿದ್ರೆ ಅದರ ಹೆಡ್ಡೂ ಹೋಗುತ್ತೆ, ಹಿಂಗೆ ಅಂಟುರೋಗದ ಥರ ಹಬ್ಬುತ್ತೆ. ಪ್ರತಿ ಡಿಸ್ಕಿನ ಶಟರ್ ಮೆಲ್ಲಗೆ ಸರಿಸಿ ಟಾರ್ಚ್ ಬಿಟ್ಟು ನೋಡಿ, ಒಳಗಿನ ಫಿಲ್ಮಿನ ಅಂಚಲ್ಲಿ ಸೀಳು, ಕಚ್ಚು ಕಂಡ್ರೆ ಅದನ್ನ ಬೇರೆ ಇಡಿ. ಕಾಣ್ಲಿಲ್ಲ ಅಂದ್ರೂ ಪೂರ್ತಿ ಗ್ಯಾರಂಟಿ ಇಲ್ಲ, ಆದ್ರೆ ನೋಡದೇ ಹಾಕೋದಕ್ಕಿಂತ ವಾಸಿ.

750 ಡ್ರೈವ್ ಬೇಡ. ಅದು 100ರ ಡಿಸ್ಕನ್ನ ಓದುತ್ತೆ ಅಷ್ಟೇ, ಅದರ ಮೇಲೆ ಬರೆಯಲ್ಲ. ನಿಮಗೆ ಬೇಕಿರೋದು ಯುಎಸ್‌ಬಿ ಇರೋ ಜಿಪ್ 100 ಇಲ್ಲಾ 250, ಅದೂ ಫೈಲೆಲ್ಲಾ ಒಂದ್ಸಲ ಈಚೆ ತೆಗೆಯೋ ತನಕ ಮಾತ್ರ. ಮಾರೋರ ಹತ್ರ ಖಾಲಿ ಡಿಸ್ಕ್ ಹಾಕಿಸಿ, ಕಾಪಿ ಮಾಡಿಸಿ, ಸೌಂಡ್ ಕೇಳಿಸ್ಕೊಂಡು ಆಮೇಲೆ ದುಡ್ಡು ಕೊಡಿ, ನಿಮ್ಮ ಕೆಲಸದ ಡಿಸ್ಕ್ ಕೊಟ್ಟು ಟೆಸ್ಟ್ ಮಾಡಿಸ್ಬೇಡಿ.

ದಿನದ ಕೆಲಸಕ್ಕೆ ಏನು ಅಂದ್ರೆ, ಪೆನ್‌ಡ್ರೈವ್ ಹಾಕ್ಬಹುದು, ಆದ್ರೆ ವಿಂಡೋಸ್ 98ಗೆ ಅದಕ್ಕೆ ಬೇರೆ ಡ್ರೈವರ್ ಸಾಫ್ಟ್‌ವೇರ್ ಹುಡುಕ್ಬೇಕು, ಆ ಕಾಲದ ಬೋರ್ಡಲ್ಲಿ ಯುಎಸ್‌ಬಿ 1.1 ಇರೋದ್ರಿಂದ ಸೆಕೆಂಡಿಗೆ ಸುಮಾರು 1 ಎಂಬಿ ಹೋದ್ರೆ ಹೆಚ್ಚು. ನಾನು ಹೇಳೋದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು, ಹಳೇ ದೊಡ್ಡ ಕ್ಯಾಮೆರಾಗಳಲ್ಲಿ ಹಾಕ್ತಿದ್ರಲ್ಲ ಅದೇ. ಅದು ಐಡಿಇ, ಅಂದ್ರೆ ಅಗಲ ಕೇಬಲ್ಲಿನ ಹಳೇ ಹಾರ್ಡ್‌ಡಿಸ್ಕಿನ ಭಾಷೆಯನ್ನೇ ಮಾತಾಡುತ್ತೆ, ಹಾಗಾಗಿ 40 ಪಿನ್ನಿನ ಒಂದು ಸಣ್ಣ ಅಡಾಪ್ಟರ್ ಸಾಕು, ಡ್ರೈವರ್ ಬೇಡ, ತಿರುಗೋ ಮೋಟ್ರಿಲ್ಲ, ಸವೆಯೋ ಹೆಡ್ಡಿಲ್ಲ. ಕೇಸಿನ ಹಿಂದೆ ಸ್ಲಾಟ್ ಬರೋ ಥರದ ಅಡಾಪ್ಟರ್ ತಗೊಳ್ಳಿ, ಕಾರ್ಡ್ ತೆಗೆಯೋಕೆ ಕವರ್ ಬಿಚ್ಚೋದು ತಪ್ಪುತ್ತೆ. 4 ಜಿಬಿ ಕಾರ್ಡ್ ಧಾರಾಳ ಆಯ್ತು, ತುಂಬಾ ಹಳೇ ಬಯೋಸ್ (ಮಷೀನ್ ಶುರು ಮಾಡೋ ಬೋರ್ಡಿನ ಸಾಫ್ಟ್‌ವೇರ್) ಕೆಲವಕ್ಕೆ 8.4 ಜಿಬಿ ಮೇಲೆ ಕಾಣೋದೇ ಇಲ್ಲ. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ್ರೆ ಹೊಸ ಕಂಪ್ಯೂಟರಲ್ಲೂ ಕಾರ್ಡ್ ರೀಡರ್ ಹಾಕಿ ಓದ್ಬಹುದು. ಸಿಡಿ ಡ್ರೈವ್ ಇರೋ ಕೇಬಲ್ಲಿಗೇ ಹಾಕಿದಾಗ ಕಾರ್ಡ್ ಕಾಣ್ಲಿಲ್ಲ ಅಂದ್ರೆ ಒಂದೇ ಕೇಬಲ್ಲಲ್ಲಿ ಮೊದಲನೇದು ಯಾವುದು, ಎರಡನೇದು ಯಾವುದು ಅಂತ ಗುರುತಿಸೋ ಮಾಸ್ಟರ್, ಸ್ಲೇವ್ ಜಂಪರ್ ಅದಲುಬದಲು ಮಾಡಿ ನೋಡಿ. ಒಂದು ವಿಷಯ ಮಾತ್ರ ಮರೀಬೇಡಿ, ಐಡಿಇಲಿ ಇರೋ ಕಾರ್ಡನ್ನ ಮಷೀನ್ ಆನ್ ಇದ್ದಾಗ ಕೀಳಂಗಿಲ್ಲ, ಶಟ್‌ಡೌನ್ ಮಾಡಿಯೇ ತೆಗೀರಿ.